ಅನಾಮಿಕ ಚಿಪ್ಪುಹಂದಿಯ ಬೆರಳು

ವಿಶ್ವವಿದ್ಯಾಲಯದ ಸಭಾಂಗಣದ ಗೋಡೆಯ ಮೇಲೆ 'ಅನಾಮಿಕ ನೀರುನಾಯಿ' ಎಂಬ ಹೆಸರು ಎರಡು ಬಾರಿ ಮಿಣುಕಿ ಅಳಿಸಿಹೋಯಿತು. ಅದರ ಜಾಗದಲ್ಲಿ 'ಡಾ. ಮೃಣಾಲಿನಿ ಕಿಣಿ' ಎಂದು ಮೂಡಿತು. ಯಂತ್ರವನ್ನು ಕಂಡುಹಿಡಿದ ವಿಜ್ಞಾನಿ ಅವರೇ; ಪರೀಕ್ಷೆಗೆಂದು ಹೆಸರು ಮರೆಸಿ ಒಂದು ಸಾಲು ಬರೆದಿದ್ದರು. ನೆರೆದಿದ್ದ ನಲವತ್ತು ಪ್ರಾಧ್ಯಾಪಕರು ಚಪ್ಪಾಳೆ ತಟ್ಟಿದರು. ಅವರಿಗೆ ಏನೂ ಅರ್ಥವಾಗಿರಲಿಲ್ಲ. ಕುಲಪತಿಗಳು ತಟ್ಟಿದರು, ಇವರೂ ತಟ್ಟಿದರು.

ಯಂತ್ರದ ಹೆಸರು ಬೆರಳ್ನಡೆ ಶೋಧಕ. ಹಲವರು ಒಟ್ಟಿಗೆ ತಿದ್ದಬಹುದಾದ ಸಹಲೇಖನ ಕಡತಗಳಲ್ಲಿ ಹೆಸರು ಹೇಳಲೊಲ್ಲದವರಿಗೆ ಗಣಕವೇ ಒಂದು ಪ್ರಾಣಿಯ ಹೆಸರನ್ನು ಅಂಟಿಸುವ ಪದ್ಧತಿ ೨೦೭೦ರಲ್ಲೂ ಉಳಿದಿತ್ತು. ಮನುಷ್ಯ ಹೆಸರನ್ನು ಮರೆಸಬಲ್ಲ, ಬೆರಳಿನ ನಡೆಯನ್ನು ಮರೆಸಲಾರ. ಒಂದು ಕೀಲಿಯಿಂದ ಇನ್ನೊಂದಕ್ಕೆ ಹೋಗಲು ಹಿಡಿಯುವ ಸಮಯ, ಒತ್ತುವ ಬಲ, ಒತ್ತಕ್ಷರಕ್ಕೆ ಮುಂಚಿನ ತಡವರಿಕೆ, ಎಲ್ಲವೂ ಒಬ್ಬೊಬ್ಬರಿಗೆ ಒಂದೊಂದು ರೀತಿ. ಕಡತದಲ್ಲಿ ಉಳಿದ ಆ ಜಾಡನ್ನು ಹಿಡಿದು ಶೋಧಕವು ಬರೆದವರ ಮುಸುಕು ತೆಗೆಯುತ್ತಿತ್ತು.

ಕುಲಪತಿ ಡಾ. ವಿರೂಪಾಕ್ಷಯ್ಯನವರಿಗೆ ಆ ವರ್ಷ ಅರವತ್ತು ತುಂಬಿತ್ತು. ಅಭಿನಂದನ ಗ್ರಂಥವೆಲ್ಲ ಬೇಡವೆಂದು ಮೂರು ಸಲ ಹೇಳಿ, ಅದರ ಸಂಪಾದಕ ಮಂಡಳಿಯನ್ನು ತಾವೇ ನೇಮಿಸಿದ್ದರು. ಪ್ರಾಧ್ಯಾಪಕರು ಸಹಲೇಖನ ಕಡತದಲ್ಲಿ ಮುಳ್ಳುಹಂದಿ, ಕಾಡುಪಾಪ, ಪುನುಗುಬೆಕ್ಕುಗಳಾಗಿ ಅವರನ್ನು ಹೊಗಳಿದ್ದರು. ಹೊಗಳುವುದಕ್ಕೆ ಮುಸುಕೇಕೆ? ನಾಳೆ ಕುಲಪತಿ ಬದಲಾದರೆ ಹೊಸಬರ ಕಣ್ಣಿಗೆ ಹೆಸರು ಬೀಳಬಾರದು. ಹಾಗೆಂದು ಹೊಗಳಿಕೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೂ ಆಗಬಾರದು. ಆದ್ದರಿಂದ ಪ್ರತಿಯೊಬ್ಬರೂ ಕುಲಪತಿಗಳ ಕಿವಿಯಲ್ಲಿ "ಆ ಕಾಡುಪಾಪ ನಾನೇ ಸಾರ್" ಎಂದು ಉಸುರಿ ಬಂದಿದ್ದರು. ಇಂಥವರಿಂದ ಮಕ್ಕಳು ಪಾಠ ಕಲಿಯಬೇಕಿತ್ತೆಂಬುದನ್ನು ನೆನೆದರೆ ಮೈ ಉರಿಯುತ್ತದೆ.

ಗ್ರಂಥದ ಮೊದಲ ಅಧ್ಯಾಯದಲ್ಲೊಂದು ಸಾಲಿತ್ತು: 'ಕುಲಪತಿಗಳು ತಮ್ಮ ಆರು ಸಂಪುಟಗಳ ಅಕ್ಷರ ಅಕ್ಷರವನ್ನೂ ತಾವೇ ಬರೆದರು.' ಅದರ ಕೆಳಗೆ ಅನಾಮಿಕ ಚಿಪ್ಪುಹಂದಿಯೊಂದು ಸೇರಿಸಿತ್ತು: 'ಬರೆದಿಲ್ಲ. ಹೇಳಿದರು. ಅದೂ ಅರ್ಧ.'

ಈ ಹಂದಿಯನ್ನು ಹಿಡಿಯಲೆಂದೇ ಯಂತ್ರವನ್ನು ತರಿಸಿದ್ದು.

ಸಭಾಂಗಣದ ಮೂಲೆಯಲ್ಲಿ ಕೀಲಿಮಣೆಯ ಮುಂದೆ ತಾರಾಬಾಯಿ ಕುಳಿತಿದ್ದರು. ಮೂವತ್ತೊಂದು ವರ್ಷದಿಂದ ಅಲ್ಲಿನ ಬೆರಳಚ್ಚುಗಾರ್ತಿ. ನಿವೃತ್ತಿಗೆ ಇನ್ನು ಐದು ತಿಂಗಳು. ಚಿಪ್ಪುಹಂದಿ ಅವರೇ. ಅಷ್ಟು ವರ್ಷಗಳಲ್ಲಿ ಸ್ವಂತದ್ದೆಂದು ಬರೆದದ್ದು ಆ ನಾಲ್ಕು ಮಾತು ಮಾತ್ರ. ಅದಕ್ಕಾಗಿ ಈಗ ಕೆಲಸ ಹೋಗುವುದೆಂದು ಅವರಿಗೆ ಗೊತ್ತಿತ್ತು.

"ಒಂದು ಮಾತು ಸಾರ್," ಎಂದರು ಡಾ. ಕಿಣಿ. "ಯಂತ್ರಕ್ಕೆ ಗೊತ್ತಾಗೋದು ಬೆರಳು ಮಾತ್ರ. ಬುದ್ಧಿ ಯಾರದ್ದು ಅಂತ ಅದು ಹೇಳೋದಿಲ್ಲ."

"ವಿದ್ವಾಂಸರಲ್ಲಿ ಬೆರಳು ಬೇರೆ ಬುದ್ಧಿ ಬೇರೆ ಇರುತ್ತೇನಮ್ಮ?" ಎಂದು ಕುಲಪತಿಗಳು ನಕ್ಕು, ಸಿದ್ಧವಾಗಿದ್ದ ನಿಯಮಕ್ಕೆ ಸಹಿ ಹಾಕಿದರು. ಯಾರ ಬೆರಳೋ ಅವರದೇ ಬರಹ. ಬೇರೆಯವರು ಹೇಳಿ ಬರೆಸಿದರೆಂಬ ನೆಪ ಸಲ್ಲದು. ವಿಶ್ವವಿದ್ಯಾಲಯದ ಹಳೆಯ ಹೊಸ ಕಡತಗಳೆಲ್ಲಕ್ಕೂ ಅನ್ವಯ.

ಶೋಧಕ ಓಡತೊಡಗಿತು. ಚಿಪ್ಪುಹಂದಿ ಅಳಿದು 'ತಾರಾಬಾಯಿ' ಎಂದಾಯಿತು.

"ನೀವಾ!" ಎಂದು ಕುಲಪತಿಗಳು ಗುಡುಗಿದರು. "ಉಂಡ ಮನೆಗೆ ಎರಡು ಬಗೆಯೋದಾ? ಇವತ್ತೇ ವಜಾ!"

ಅಷ್ಟರಲ್ಲಿ ಮುಳ್ಳುಹಂದಿಯೂ ತಾರಾಬಾಯಿಯಾಯಿತು. ಕಾಡುಪಾಪ, ಪುನುಗುಬೆಕ್ಕು, ಕಬ್ಬೆಕ್ಕು, ಎಲ್ಲವೂ ತಾರಾಬಾಯಿ. ಪ್ರಾಧ್ಯಾಪಕರು ಚಾವಣಿ ನೋಡಿದರು.

ಇದರಲ್ಲಿ ಸೋಜಿಗವೇನಿಲ್ಲ. ಮಾತನ್ನು ಅಕ್ಷರಕ್ಕಿಳಿಸುವ ಶ್ರವಣಯಂತ್ರಗಳು ಎಂದೋ ಬಂದಿದ್ದವು. ಆದರೆ ಅವು ಆಡಿದ್ದನ್ನು ಆಡಿದಂತೆಯೇ ಬರೆಯುತ್ತಿದ್ದವು. ತಮ್ಮ ಬಾಯಿಂದ ಒಂದು ವಾಕ್ಯವೂ ನೆಟ್ಟಗೆ ಹೊರಬರುವುದಿಲ್ಲವೆಂದು ಕಂಡ ವಿದ್ವಾಂಸರು ಯಂತ್ರಗಳನ್ನು ಉಗ್ರಾಣಕ್ಕೆ ತಳ್ಳಿ, ತಾರಾಬಾಯಿಯನ್ನು ಉಳಿಸಿಕೊಂಡಿದ್ದರು. "ಅದೇ ಕಣಮ್ಮ, ನಿಮಗೆ ಗೊತ್ತಲ್ಲ, ಚೆನ್ನಾಗಿ ಹಾಕಿಬಿಡಿ" ಎಂದರೆ ಸಾಕು, ಆಕೆ ಹಾಕುತ್ತಿದ್ದರು.

ಶೋಧಕ ನಿಲ್ಲಲಿಲ್ಲ. ಹಳೆಯ ಕಡತಗಳೂ ಬೇಕೆಂದವರು ಕುಲಪತಿಗಳೇ. ಆರು ಸಂಪುಟಗಳು ಗೋಡೆಯ ಮೇಲೆ ಸಾಲಾಗಿ ಬಂದವು, ಆರಕ್ಕೂ ಲೇಖಕಿ ತಾರಾಬಾಯಿ. ಆಮೇಲೆ ಇಪ್ಪತ್ತಮೂರು ಮಹಾಪ್ರಬಂಧಗಳು. ಮುಂದಿನ ಸಾಲಿನಲ್ಲಿದ್ದ ಇಪ್ಪತ್ತಮೂರು ಡಾಕ್ಟರುಗಳು ಬೆವರಿದರು.

"ನಿಲ್ಸಮ್ಮ ಅದನ್ನ! ನಿಯಮ ರದ್ದು!" ಎಂದು ಕುಲಪತಿಗಳು ಕೂಗಿದರು.

"ಯಂತ್ರ ನಿಲ್ಲಿಸ್ತೀನಿ ಸಾರ್," ಎಂದರು ಡಾ. ಕಿಣಿ. "ನಿಯಮ ರದ್ದಾಗೋಕೆ ಮಾತ್ರ ಬರವಣಿಗೆಯಲ್ಲಿ ಆದೇಶ ಬೇಕು. ಅಲ್ಲಿವರೆಗೆ ಪುಸ್ತಕವೆಲ್ಲ ತಾರಾಬಾಯಿಯವರದ್ದೇ. ಇವರನ್ನ ವಜಾ ಮಾಡೋಕೂ ಆದೇಶ ಬೇಕು."

ಕುಲಪತಿಗಳು ಪ್ರಾಧ್ಯಾಪಕರತ್ತ ನೋಡಿದರು. ನಲವತ್ತರಲ್ಲಿ ಒಬ್ಬರೂ ಏಳಲಿಲ್ಲ. ಬರೆಯಲು ಬಂದರೆ ತಾನೆ ಏಳುವುದು? ಕೊನೆಗೆ ಅವರು ಮೂಲೆಗೆ ತಿರುಗಿ ಕೆಮ್ಮಿದರು.

"ತಾರಾಬಾಯಿ... ಬರ್ಕೊಳ್ಳಿ. ಈ ನಿಯಮ ಏನಿದೆ... ಅಂದ್ರೆ ನಾವು ಅದನ್ನ... ಅದೇ, ನಿಮಗೆ ಗೊತ್ತಲ್ಲ..."

ತಾರಾಬಾಯಿ ಕಡತದಲ್ಲಿ ಪ್ರಾಣಿಯ ಬದಲು ತಮ್ಮ ಹೆಸರನ್ನು ಮೊದಲು ನಮೂದಿಸಿದರು. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ, ಹೇಳಿದ್ದನ್ನು ಹೇಳಿದಂತೆಯೇ ಬರೆದರು. ಗೋಡೆಯ ಮೇಲೆ ಅದು ದೊಡ್ಡದಾಗಿ ಮೂಡಿತು: 'ಈ ನಿಯಮ ಏನಿದೆ ಅಂದ್ರೆ ನಾವು ಅದನ್ನ ಅದೇ ನಿಮಗೆ ಗೊತ್ತಲ್ಲ.'

ಬೆರಳುಗಳನ್ನು ಕೀಲಿಗಳ ಮೇಲೆ ಇರಿಸಿಕೊಂಡು, ಬಹಳ ವಿನಯದಿಂದ ಅವರು ಕೇಳಿದರು:

"ಮುಂದೆ ಹೇಳಿ ಸಾರ್."