ಕೊಂಬು ಉದುರದ ಜಿಂಕೆ

ಮರಗಿಡಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಹೊಂಬಾಳೆಪುರ ಎಂಬ ರಾಜ್ಯವಿತ್ತು. ಅದನ್ನು ಕೇತರಸನೆಂಬ ರಾಜ ಆಳುತ್ತಿದ್ದ. ಅವನ ಅರಮನೆಯ ಹಿಂದೆ ಒಂದು ಬೇಟೆಕಾಡು, ಕಾಡಿನ ಸುತ್ತ ಬಿದಿರಿನ ಬೇಲಿ. ಅದು ಜೀವವಿದ್ದ ಬೇಲಿ. ಕರೆದರೆ ಓಗೊಡುತ್ತಿತ್ತು, ಕೇಳಿಕೊಂಡರೆ ದಾರಿ ಬಿಡುತ್ತಿತ್ತು, ಯಾರೂ ಕೇಳದಿದ್ದರೂ ಗೊಣಗುತ್ತಿತ್ತು.

ಆ ಕಾಡಿನ ಜಿಂಕೆಗಳನ್ನು ನೋಡಿಕೊಳ್ಳುತ್ತಿದ್ದವಳು ಬಾಚಲೆ. ಅವಳು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಕುದುರೆ ವ್ಯಾಪಾರಿಗಳ ಜೊತೆ ಮರಳುಗಾಡು ದಾಟಿದ್ದಳು, ಹಡಗು ಹತ್ತಿ ದ್ವೀಪಗಳನ್ನು ಸುತ್ತಿದ್ದಳು, ಊರೂರಿನ ಒಡ್ಡೋಲಗಗಳಲ್ಲಿ ಬಗೆಬಗೆಯ ರಾಜರ ಬಗೆಬಗೆಯ ಸುಳ್ಳು ಕೇಳಿದ್ದಳು. ಹೀಗೆ ಅಲೆಯುತ್ತ ಒಂದು ದಿನ ದಣಿವಾರಿಸಿಕೊಳ್ಳಲು ಈ ಬೇಲಿಯ ನೆರಳಲ್ಲಿ ಕೂತಳು. ಒಳಗಿನ ಜಿಂಕೆಗಳು ಕತ್ತೆತ್ತಿ ನೋಡಿದವು. ಆಮೇಲೆ ಅವಳು ಎಲ್ಲಿಗೂ ಹೋಗಲಿಲ್ಲ.

ಅವಳ ಕೆಲಸ ನೋಡುವಂತಿರುತ್ತಿತ್ತು. ಉಪ್ಪಿನ ಗಡ್ಡೆಗಳನ್ನು ಎಲ್ಲಿ ಇಟ್ಟರೆ ಬಡಕಲು ಜಿಂಕೆಗೂ ಪಾಲು ಸಿಗುತ್ತದೆ, ಯಾವ ಹುಲ್ಲು ಸುಟ್ಟರೆ ಯಾವ ಚಿಗುರು ಬರುತ್ತದೆ, ಹೊರಗಿನ ಗಂಡುಜಿಂಕೆಗಳು ಬಂದು ಹಿಂಡಿನಲ್ಲಿ ಹೊಸ ರಕ್ತ ಬೆರೆಯಲು ಬೇಲಿಯನ್ನು ಯಾವಾಗ ತೆರೆಯಬೇಕು, ಎಲ್ಲ ಅವಳಿಗೆ ಕರತಲಾಮಲಕ. ಬೇಟೆಗೆ ಮುಂಚೆ ಹಲ್ಲು ಸವೆದ, ಇನ್ನೊಂದು ಬೇಸಿಗೆ ತಾಳಲಾರದ ಮುದಿ ಗಂಡುಗಳನ್ನು ಆರಿಸಿ ಅವುಗಳ ಕೊಂಬಿಗೆ ಕೆಂಪು ದಾರ ಕಟ್ಟುತ್ತಿದ್ದಳು. ದಾರವಿಲ್ಲದ ಜಿಂಕೆಯ ಮೇಲೆ ಸ್ವತಃ ರಾಜನೂ ಬಾಣ ಬಿಡುವಂತಿರಲಿಲ್ಲ. ಅವಳು ಕೈ ಚಾಚಿದರೆ ಮುದಿ ಜಿಂಕೆಗಳು ತಾವಾಗಿ ತಲೆ ತಗ್ಗಿಸುತ್ತಿದ್ದವು. ದಾರ ಕಟ್ಟಿದ ದಿನ ಅವಳು ಊಟ ಮಾಡುತ್ತಿರಲಿಲ್ಲ.

ಕಾಡಿನ ನಡುವೆ ರಾಜನ ಪೂರ್ವಜರು ನಿಲ್ಲಿಸಿದ ಒಂದು ಕಲ್ಲಿತ್ತು. ಈ ಕಾಡಿನ ಕೊನೆಯ ಜಿಂಕೆ ಸತ್ತ ದಿನ ಸಿಂಹಾಸನ ಬರಿದಾಗುವುದು, ಆಗ ಕಾಡಿನೊಳಗೆ ನಿಂತವನೇ ರಾಜನಾಗುವನು ಎಂದು ಆ ಕಲ್ಲು ಬಿಸಿಲೇರಿದಾಗಲೆಲ್ಲ ಹೇಳುತ್ತಿತ್ತು. ದಿನಾ ಕೇಳಿ ಕೇಳಿ ಯಾರೂ ಅದನ್ನು ಮನಸ್ಸಿಗೆ ಹಾಕಿಕೊಳ್ಳುತ್ತಿರಲಿಲ್ಲ. ಹಾಕಿಕೊಂಡವನು ಒಬ್ಬನೇ, ಜಟ್ಟಿಗನೆಂಬ ಮಾಂತ್ರಿಕ. ಅರ್ಧ ರಾಜ್ಯ ಕೊಡು ಎಂದು ಸಭೆಯಲ್ಲಿ ಕೇಳಿ, ನಗೆಪಾಟಲಾಗಿ, ಊರು ಬಿಟ್ಟು ಹೋದವನ ಸುದ್ದಿಯೇ ಇರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಬೇಲಿ ತೆರೆದಾಗ ಹೊರಗಿನಿಂದ ಒಂದು ಗಂಡುಜಿಂಕೆ ಬಂತು. ಅದರ ಕೊಂಬಿನ ಪ್ರತಿ ಕವಲಿನ ತುದಿಯಲ್ಲೂ ಒಂದೊಂದು ಪುಟ್ಟ ದೀಪ ಉರಿಯುತ್ತಿತ್ತು. ಜನ ಅದಕ್ಕೆ ಚಂದ್ರಗೊಂಬ ಎಂದು ಹೆಸರಿಟ್ಟರು. ಅದನ್ನು ನೋಡಲು ದೂರದೇಶಗಳಿಂದ ರಾಯಭಾರಿಗಳು ಬಂದರು. ಲೋಕವೆಲ್ಲ ಸುತ್ತಿದ ಬಾಚಲೆಯೂ ಮರುಳಾದಳು. ವರ್ಷ ವರ್ಷ ಅವಳ ಕೆಂಪು ದಾರ ಎಲ್ಲರ ಕೊಂಬು ನೋಡಿ, ಆ ಕೊಂಬನ್ನು ಮಾತ್ರ ದಾಟಿ ಹೋಯಿತು.

ಚಂದ್ರಗೊಂಬ ಬಂದಮೇಲೆ ಕಾಡಿನಲ್ಲಿ ಮರಿ ಹುಟ್ಟುವುದೇ ನಿಂತಿತು. ಹಿಂಡು ಮುದಿಯಾಯಿತು, ಕರಗಿತು. ರಾಜನಿಗೆ ಕಲ್ಲಿನ ಮಾತು ನೆನಪಾಯಿತು. ಅವನು ಬಾಚಲೆಯನ್ನು ಕರೆಸಿದ.

"ಚಳಿಗಾಲ ಮುಗಿಯುವುದರೊಳಗೆ ಕಾರಣ ಹೇಳು, ಬಾಚಲೆ. ಇಲ್ಲವಾದರೆ ನಿನ್ನ ಕಾಲಿನ ಚಕ್ರ ಮತ್ತೆ ತಿರುಗಲಿ."

ಬೇರೆ ಯಾವ ರಾಜ ಹೀಗೆ ಹೇಳಿದ್ದರೂ ಅವಳು ಅಲ್ಲೇ ಗಂಟುಮೂಟೆ ಕಟ್ಟುತ್ತಿದ್ದಳು. ಈಗ ಹೊರಗೆ ಬಂದು ನಾಲ್ಕು ದಿಕ್ಕು ನೋಡಿದಳು. ಯಾವ ದಿಕ್ಕಿಗೂ ಕಾಲು ಏಳಲಿಲ್ಲ.

ಅವಳು ಕಾಡಿಗೆ ಹೋಗಿ ಮರದ ಮೇಲೆ ಕೂತು ನೋಡಿದಳು. ಚಂದ್ರಗೊಂಬ ಉಳಿದ ಗಂಡುಗಳನ್ನೆಲ್ಲ ಕಾಡಿನ ಅಂಚಿನ ಕಲ್ಲುಮೂಲೆಗೆ ಅಟ್ಟಿ, ಹೆಣ್ಣುಜಿಂಕೆಗಳನ್ನು ತನ್ನ ಸುತ್ತ ನಿಲ್ಲಿಸಿಕೊಂಡಿತ್ತು. ಬಲವಿದ್ದ ಗಂಡು ಹಾಗೆ ಮಾಡುವುದುಂಟು. ಆದರೆ ಅದು ಯಾವ ಹೆಣ್ಣಿನ ಬಳಿಯೂ ಸುಳಿಯುತ್ತಿರಲಿಲ್ಲ. ಕಾವಲುಗಾರನಂತೆ ಆ ಮಾತಾಡುವ ಕಲ್ಲಿನ ಪಕ್ಕ ನಿಂತಿರುತ್ತಿತ್ತು, ಅಷ್ಟೇ.

"ಇವನು ಜಿಂಕೆಯೇನಜ್ಜಿ?" ಎಂದು ಅವಳು ಬೇಲಿಯನ್ನು ಕೇಳಿದಳು.

"ನನ್ನ ಕೇಳಿ ಒಳಗೆ ಬಿಟ್ಟೆಯಾ? ನೀನೇ ಪರೀಕ್ಷೆ ಮಾಡಿ ನೋಡಿಕೋ," ಎಂದು ಬೇಲಿ ಗೊಣಗಿತು.

ಬಾಚಲೆ ಮೊದಲು ಉಪ್ಪು ಇಟ್ಟಳು. ಜಿಂಕೆಗಳೆಲ್ಲ ಬಂದು ನೆಕ್ಕಿದವು. ಚಂದ್ರಗೊಂಬವೂ ಬಂದು ಕಣ್ಣು ಅರೆಮುಚ್ಚಿ ನೆಕ್ಕಿತು. ಥೇಟ್ ಜಿಂಕೆ.

ಎರಡನೆಯ ಸಲ ಹುಲಿಯ ವಾಸನೆ ಹತ್ತಿದ ಚರ್ಮವನ್ನು ಗಾಳಿಗೆ ಹಿಡಿದಳು. ಹಿಂಡಿನ ಮುದಿ ತಾಯಿಜಿಂಕೆ ನೆಲಕ್ಕೆ ಗೊರಸು ಬಡಿದು ಕೂಗಿತು. ಎಲ್ಲವೂ ಬಾಲ ಎತ್ತಿ ಅದರ ಹಿಂದೆ ಓಡಿದವು. ಚಂದ್ರಗೊಂಬವೂ ಬಾಲ ಎತ್ತಿ, ಆ ಮುದುಕಿಯ ಹಿಂದೆಯೇ ಓಡಿತು. ಥೇಟ್ ಜಿಂಕೆ. ಎಂಥ ಕಲಿಕೆ ಎಂದು ಅವಳು ಒಳಗೊಳಗೇ ತಲೆದೂಗಿದಳು.

ಮೂರನೆಯ ಸಲ ಅವಳು ಕೆಂಪು ದಾರ ತಂದು ಚಂದ್ರಗೊಂಬದ ಕೊಂಬಿಗೆ ಕಟ್ಟಿದಳು. ರಾಜನಿಗೆ ಸುದ್ದಿ ಮುಟ್ಟಿತು. ಇಂಥ ಚೆಲುವನ ಮೇಲೆ ಬಾಣ ಬಿಡಬೇಕೇ ಎಂದು ಅವನು ಕೆಂಡವಾಗಿ ಬಂದ.

"ಬಾಣ ಬೇಡ ಪ್ರಭು, ಬಿಲ್ಲು ಮನೆಯಲ್ಲೇ ಇರಲಿ," ಎಂದಳು ಬಾಚಲೆ. "ಈ ದಾರ ಗುರುತಿಗಷ್ಟೇ. ನಾವು ಸುಮ್ಮನೆ ಕಾಯೋಣ."

ಕಾದರು. ಚಳಿಗಾಲದ ಕೊನೆಗೆ ಜಿಂಕೆಗಳು ಕೊಂಬು ಉದುರಿಸುವ ಕಾಲ ಬಂತು. ಕಲ್ಲುಮೂಲೆಯ ಗಂಡುಗಳ ಕೊಂಬು ಒಂದೊಂದಾಗಿ ಕಳಚಿ ಒಣ ಎಲೆಗಳ ಮೇಲೆ ಬಿದ್ದವು. ನಿನ್ನೆ ಮೊನ್ನೆಯವರೆಗೆ ಗುದ್ದಾಡಿದ ಗಂಡುಗಳು ಬೋಳುತಲೆಯಲ್ಲಿ ನಾಚಿಕೊಂಡು, ಒಂದಕ್ಕೊಂದು ಮೈ ತಾಗಿಸಿ ಮೇಯತೊಡಗಿದವು. ಚಂದ್ರಗೊಂಬದ ಕೊಂಬು ಮಾತ್ರ ಹಾಗೆಯೇ ಇತ್ತು. ದೀಪಗಳೂ ಇದ್ದವು, ದಾರವೂ ಇತ್ತು.

ಬಾಚಲೆ ಅದರೆದುರು ಹೋಗಿ ನಿಂತಳು.

"ಮಹಾರಾಯ, ಉಪ್ಪು ನೆಕ್ಕಲು ಕಲಿತೆ, ಹೆದರಲು ಕಲಿತೆ. ಕಳಚಿಡುವುದನ್ನು ಕಲಿಯಲಿಲ್ಲ. ಹತ್ತಾರು ಸಭೆಗಳಲ್ಲಿ ನಿನ್ನಂಥವರನ್ನು ನೋಡಿದ್ದೇನೆ. ಆದರೂ ಇಷ್ಟು ವರ್ಷ ನಿನ್ನ ಚೆಂದ ನೋಡುತ್ತಾ ಕೂತೆ, ಕೊಂಬು ಉದುರದ್ದು ಕಾಣಲಿಲ್ಲ, ನನ್ನ ಕಣ್ಣಿಗಿಷ್ಟು ಮಣ್ಣು ಹಾಕ!"

ಜಿಂಕೆ ಬಾಯಿಬಿಟ್ಟು ಮನುಷ್ಯರ ಮಾತಾಡಿತು. "ಇದು ನನ್ನ ಕೊಂಬು. ನಾನೇಕೆ ಬಿಡಲಿ?"

ಅದು ಜಟ್ಟಿಗನ ದನಿ. ರಾಜ ಹೌಹಾರಿದ. ಜಟ್ಟಿಗ ಒಂದೇ ನೆಗೆತಕ್ಕೆ ಬೇಲಿಯ ಕಡೆ ಹಾರಿದ. ಬಾಚಲೆ ಸಿಳ್ಳೆ ಹಾಕಿದಳು. ಬೇಲಿ ಒಂದು ಸಂದು ಬಿಟ್ಟಿತು, ಬೋಳುತಲೆಯ ಜಿಂಕೆ ನುಸುಳುವಷ್ಟೇ ಅಗಲ. ಜಟ್ಟಿಗನ ತಲೆ ಒಳಗೆ ಹೋಯಿತು, ಕೊಂಬು ಬಿದಿರಿನಲ್ಲಿ ಸಿಕ್ಕಿಕೊಂಡಿತು. ಅತ್ತ ಎಳೆದ, ಇತ್ತ ಎಳೆದ. ಬೇಲಿ ನಿಧಾನವಾಗಿ ಬಿಗಿಯಿತು.

"ಬಿಟ್ಟುಬಿಡೋ ಮಗನೇ, ಹಗುರಾಗುತ್ತೆ," ಎಂದಿತು ಬೇಲಿ.

ಉಸಿರು ನಿಲ್ಲುವ ಹೊತ್ತಿಗೆ ಜಟ್ಟಿಗ ತಲೆ ಕೊಡವಿದ. ಕೊಂಬು ಕಳಚಿ ಬಿತ್ತು. ದೀಪಗಳೆಲ್ಲ ಆರಿಹೋದವು. ಅವನ ಮಾಟಮಂತ್ರವೆಲ್ಲ ಆ ಕೊಂಬಿನಲ್ಲೇ ಇತ್ತು. ಬೇಲಿಯ ಸಂದಿನಲ್ಲಿ ಉಳಿದವನು ಏದುಸಿರು ಬಿಡುತ್ತಿದ್ದ ಒಬ್ಬ ಬೋಳುತಲೆಯ ಮುದುಕ.

ರಾಜ ಕತ್ತಿ ಹಿರಿದ. ಬಾಚಲೆ ತಡೆದಳು. ದಾರ ಕೊಂಬಿನ ಜೊತೆಗೇ ಬಿತ್ತಲ್ಲ ಪ್ರಭು, ದಾರವಿಲ್ಲದವರನ್ನು ಕೊಲ್ಲುವಂತಿಲ್ಲ ಎಂದಳು. ಜಟ್ಟಿಗನಿಗೆ ಉಪ್ಪಿನ ಮೂಟೆ ಹೊರುವ ಕೆಲಸ ಸಿಕ್ಕಿತು. ಜಿಂಕೆಗಳ ಸ್ವಭಾವ ಅವನಷ್ಟು ಬಲ್ಲವರು ಇನ್ನಾರಿದ್ದರು? ಕೆಲಸ ಚೆನ್ನಾಗಿಯೇ ಮಾಡಿದ.

ಗಂಡುಜಿಂಕೆಗಳಿಗೆ ಹೊಸ ಕೊಂಬು ಚಿಗುರಿತು. ಅವು ಕಲ್ಲುಮೂಲೆ ಬಿಟ್ಟು ಹಿಂಡಿಗೆ ಬಂದವು. ಮರುವರ್ಷ ಕಾಡಿನ ತುಂಬ ಚುಕ್ಕೆಚುಕ್ಕೆ ಮರಿಗಳು ಓಡಾಡಿದವು. ಅಂದಿನಿಂದ ಪ್ರತಿವರ್ಷ ಕೊಂಬು ಉದುರುವ ಕಾಲದಲ್ಲಿ ಕೇತರಸ ತನ್ನ ಕಿರೀಟವನ್ನು ಬೇಲಿಗೆ ತೂಗುಹಾಕಿ ಬರಿತಲೆಯಲ್ಲಿ ಓಡಾಡುತ್ತಿದ್ದ. ಅದರಿಂದ ರಾಜ್ಯಕ್ಕೆ ಏನೂ ಕೊರತೆಯಾಗಲಿಲ್ಲ. ಬಾಚಲೆಯ ಕಾಲಿನ ಚಕ್ರ ಕಾಡಿನೊಳಗೇ ತಿರುಗಿತು. ಜಿಂಕೆಗಳು ಸುಖವಾಗಿದ್ದವು, ಜನ ಸುಖವಾಗಿದ್ದರು. ಕಿರೀಟ ಬಹಳ ಭಾರ ಎಂದು ಬೇಲಿ ಗೊಣಗುತ್ತಿತ್ತು. ಅದರ ಸುಖ ಅದು.