ಓರೆ ಚಂದ್ರಿಕೆ ಮೇಲಿನ ಡ್ರೋನು

ಕುಣಿಯಲಾರದ ಡ್ರೋನು ನೆಲ ಡೊಂಕು ಅಂದಿತಂತೆ. ಗಾದೆ ಕೆಡಿಸಿದೆ ಅಂತ ಬೈಯಬೇಡಿ, ಸಾದಲಿ ಊರಲ್ಲಿ ನಡೆದದ್ದೇ ಹೀಗೆ.

"ಈ ಸಲ ಬೀಳಲ್ಲ ಕಣೋ," ಎಂದಳು ಆರನೇ ಕ್ಲಾಸಿನ ಕವಿತ. ಡ್ರೋನು ಅಂಗಳದ ಮೇಲೆ ಗುಂಯ್‌ಗುಡುತ್ತಿತ್ತು. ನಾಳೆ ಶಿಡ್ಲಘಟ್ಟದಲ್ಲಿ ವಿಜ್ಞಾನ ಪ್ರದರ್ಶನ. ಸ್ಕೂಲಿಗಿರುವುದು ಇದೊಂದೇ ಡ್ರೋನು. ಚನ್ನಕೇಶವ ಮೇಷ್ಟ್ರು ಅವಳನ್ನು ನಂಬಿ ಮನೆಗೆ ಕೊಟ್ಟಿದ್ದರು. ಬಟನ್ ಒತ್ತಿದರೆ ಅದು ಗಾಳಿಯಲ್ಲೇ ಲಾಗ ಹಾಕಿ, ತಾನೇ ನೆಟ್ಟಗೆ ನಿಲ್ಲಬೇಕು.

"ಬಿದ್ರೆ ಬೇರೆ ರೆಕ್ಕೆ ಇಲ್ಲ ಕಣೇ," ಎಂದ ಚಿಕ್ಕಪ್ಪನ ಮಗ ಸುನೀಲ.

ಡ್ರೋನು ಬಲಕ್ಕೆ ಎಳೆಯುತ್ತಿತ್ತು. ಗಾಳಿ ಇರಬೇಕು ಎಂದುಕೊಂಡು ಕವಿತ ರಿಮೋಟಿನ ಕಡ್ಡಿಯನ್ನು ಎಡಕ್ಕೆ ಹಿಡಿದು, ಬಟನ್ ಒತ್ತಿದಳು. ಇನ್ನು ಎಲ್ಲ ಅದರೊಳಗಿನ ಪುಟ್ಟ ಕಂಪ್ಯೂಟರಿನ ಕೈಯಲ್ಲಿ.

ಲಾಗವೇನೋ ಚೆನ್ನಾಗಿಯೇ ಹಾಕಿತು. ಆಮೇಲೆ ಓರೆಯಾಗಿ ಬಲಕ್ಕೆ ಜಾರಿ, ರೇಷ್ಮೆ ಸಾಕುವ ಹುಳದ ಮನೆಯ ಗೋಡೆಗೆ ಬಡಿಯಿತು. ಚಟ್!

"ಏಯ್! ಹುಳ ಹಣ್ಣಾಗಿ ಗೂಡು ಕಟ್ಟೋ ಟೈಮು, ಸದ್ದು ಮಾಡ್ಬೇಡ್ರಮ್ಮ!" ಒಳಗಿಂದ ಅಜ್ಜಿ ಕೂಗಿದರು.

ಎರಡು ರೆಕ್ಕೆ ಮುರಿದಿದ್ದವು. ಕವಿತ ಡ್ರೋನನ್ನು ಎತ್ತಿ ಚಂದ್ರಿಕೆಯ ಮೇಲಿಟ್ಟಳು. ರೇಷ್ಮೆ ಹುಳು ಗೂಡು ಕಟ್ಟುವ ಆ ಬಿದಿರಿನ ತಟ್ಟಿಯನ್ನು ಬಿಸಿಲಿಗೆ ಒಣಗಲೆಂದು ಒಂದು ತುದಿಯಡಿ ಕಲ್ಲಿಟ್ಟು ಓರೆಯಾಗಿ ಮಲಗಿಸಿದ್ದರು. ಹುಳದ ಮನೆಯೊಳಗೆ ಮಕ್ಕಳನ್ನು ಬಿಡುವುದಿಲ್ಲ, ಅಂಗಳದ ತುಂಬ ಧೂಳು. ಅದಕ್ಕೇ ಬೆಳಿಗ್ಗೆಯೂ ಇಲ್ಲೇ ಇಟ್ಟು, ಫೋನಿನಲ್ಲಿ 'ಇದೇ ನೆಟ್ಟಗೆ' ಎಂದು ಒತ್ತಿ ಡ್ರೋನಿಗೆ ಕಲಿಸಿದ್ದಳು.

ಈಗಲೂ ಫೋನಿನಲ್ಲಿ ಡ್ರೋನಿನ ಚಿತ್ರ ನೆಟ್ಟಗೇ ಇತ್ತು. ಕವಿತ ಡ್ರೋನನ್ನು ನೋಡಿದಳು. ಅದು ಚಂದ್ರಿಕೆಯಷ್ಟೇ ಓರೆಯಾಗಿತ್ತು. ಮತ್ತೆ ಫೋನು ನೋಡಿದಳು.

"ಏನಮ್ಮ ಕವಿತಾ, ಡ್ರೋನು ರೆಡೀನಾ?" ಅಂಗಳದ ಗೋಡೆಯಾಚೆಯಿಂದ ಮೇಷ್ಟ್ರ ದನಿ, ಮೇಷ್ಟ್ರದೇ ಕೆಮ್ಮು.

ಕವಿತ ಕೈಕಟ್ಟಿ ನಿಂತಳು. ತಲೆ ಎತ್ತಲಿಲ್ಲ. "ಡ್ರೋನ್ ತಪ್ಪಲ್ಲ ಸಾರ್. ಓರೆಯಾಗಿಟ್ಟು, ಇದೇ ನೆಟ್ಟಗೆ ಅಂತ ನಾನೇ ಹೇಳ್ಕೊಟ್ಟೆ. ಲಾಗ ಹಾಕಿ ಅದು ನಾನು ಹೇಳ್ದಂಗೇ ನಿಲ್ಲಕ್ಕೆ ಹೋಯ್ತು. ಗಾಳಿ ಅಂದ್ಕೊಂಡೆ ಸಾರ್. ನಾಳೆ ನಮ್ಮ ಟೇಬಲ್ ಖಾಲಿ..."

ಗೋಡೆಯಾಚೆಯಿಂದ ಸುನೀಲನ ತಲೆ ಮೇಲೆದ್ದಿತು. "ಮೇಷ್ಟ್ರ ದನಿ ಮಾಡಿದ್ದು ನಾನು ಕಣೇ... ನೀನು ನಗ್ಲಿ ಅಂತ."

ಬಾಗಿಲಿಗೆ ಬಂದ ಅಜ್ಜಿ, "ಥೂ ಕೋತಿ!" ಎಂದು ನಕ್ಕರು. ಸುನೀಲನೂ ಪೆಚ್ಚಾಗಿ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವಳು ಕವಿತ. ನಕ್ಕಳು, ನಗುತ್ತಲೇ ಇದ್ದಳು. ನಿಲ್ಲಿಸಿದರೆ, ಇದನ್ನೆಲ್ಲ ನಿಜವಾದ ಮೇಷ್ಟ್ರಿಗೆ ಇನ್ನೊಮ್ಮೆ ಹೇಳಬೇಕು.