ಮಟಿಯಾಸನ ಮರಿಗೆ

"ಕಳ್ಳ ನೀನೇ. ಸತ್ತ ಅಣ್ಣನ್ನೂ ಮಾರ್ಕೊಂಡು ತಿಂದ್ಯಲ್ಲ," ಎಂದಳು ಕೊರ್ನೆಲಿಯಾ.

"ನಾಲಿಗೆ ಬಿಗಿ ಹಿಡಿ ಅತ್ತಿಗೆ," ಎಂದ ಮೈದುನ ಬೊನಿಫಾಸ್. ಅವನ ಕೈಯಲ್ಲಿ ಹುಟ್ಟು ಇತ್ತು. ಹಿಡಿದ ರೀತಿ ನೋಡಿದರೆ ದೋಣಿ ನಡೆಸುವುದಕ್ಕಲ್ಲ.

ಪೊಲೀಸ್ ತಾದೆಯುಸ್ ಇಬ್ಬರ ನಡುವೆ ನಿಂತ. ಹೊಳೆಯ ತಿರುವಿನ ಠಾಣೆಗೆ ಅವನೊಬ್ಬನೇ. ಅವನೂ ಇವರಂತೆ ಅಸ್ಮತ ಬುಡಕಟ್ಟಿನವನೇ, ಹೊಳೆಯ ಕೆಳಗಿನ ಊರಿನವನು. ಹೆಂಡತಿ ತೀರಿಕೊಂಡು ಆರು ವರ್ಷ. ಜಗಳ ಬಿಡಿಸಲು ಕರೆದಾಗ ಮಾತ್ರ ಜನರ ಮುಖ ಕಾಣುತ್ತಿದ್ದ.

ಕಳುವಾಗಿದ್ದು ಒಂದು ಮರದ ಮರಿಗೆ. ಎರಡು ವರ್ಷದ ಹಿಂದೆ ತೀರಿಕೊಂಡ ಮಟಿಯಾಸನ ಹೆಸರಿಟ್ಟು ಕೆತ್ತಿದ್ದು. ಅದರ ಹಿಡಿಯಲ್ಲಿ ಅವನದೇ ಮುಖ. ಇವತ್ತು ಅದರಲ್ಲಿ ಸಾಗುಮರದ ತಿರುಳಲ್ಲಿ ಬೆಳೆಯುವ ಹುಳ ಬಡಿಸಿ, ಅವನ ಹೆಸರು ಕೂಗಬೇಕು. ಆಮೇಲೇ ಅವನು ಹಿರಿಯರ ಲೋಕಕ್ಕೆ ಹೊರಡುವುದು. ಮರಿಗೆ ಇಲ್ಲದಿದ್ದರೆ ಹಬ್ಬವಿಲ್ಲ. ಗಂಡ ಮನೆಯ ಸುತ್ತಲೇ ಅಲೆಯುತ್ತಿದ್ದಾನೆ, ಅದಕ್ಕೇ ಮಗಳ ಜ್ವರ ಬಿಡುತ್ತಿಲ್ಲ ಎಂದು ಕೊರ್ನೆಲಿಯಾ ಎರಡು ವರ್ಷದಿಂದ ಕಣ್ಣೀರು ಹಾಕುತ್ತಿದ್ದಳು.

"ಮೂರು ದಿನದಿಂದ, ಕೆತ್ತನೆ ಕೊಳ್ಳೋಕೆ ಬಂದಿರೋ ಆ ವ್ಯಾಪಾರಿ ದೋಣೀಲೇ ಬಿದ್ದಿದಾನೆ ಇವನು. ಕೇಳಿ," ಎಂದಳು.

ಬೊನಿಫಾಸ್ ಹುಟ್ಟನ್ನು ಕೆಳಗಿಟ್ಟು ಹೊಳೆಯ ಕಡೆ ತಿರುಗಿದ.

*

ವ್ಯಾಪಾರಿಯ ದೋಣಿಯಲ್ಲಿ ಗೋಣಿಚೀಲದ ಕೆಳಗೆ ಒಂದು ಮರಿಗೆ ಸಿಕ್ಕಿತು. ದಡದಲ್ಲಿ ನಿಂತವರು ಹುಟ್ಟುಗಳನ್ನು ಎತ್ತಿಕೊಂಡರು.

ತಾದೆಯುಸ್ ಅದನ್ನು ಮೂಗಿಗೆ ಹಿಡಿದ. ಹಸಿ ಮರದ ವಾಸನೆ. ಮಟಿಯಾಸನ ಮರಿಗೆ ಎರಡು ವರ್ಷ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದದ್ದು. ಇದು ಅದಲ್ಲ. ಗದರಿಸಿದಾಗ ಬೊನಿಫಾಸ್ ಬಾಯಿಬಿಟ್ಟ. ತಾನೇ ಕೆತ್ತಿ, ಹೊಗೆಸೊಪ್ಪಿನ ಬದಲಿಗೆ ವ್ಯಾಪಾರಿಗೆ ಕೊಟ್ಟಿದ್ದನಂತೆ. ಕೆತ್ತನೆ ಸೊಟ್ಟಗಿದೆ ಅಂತ ಊರೆಲ್ಲ ನಗುತ್ತೆ ಎಂದು ಮುಚ್ಚಿಟ್ಟಿದ್ದ. ನಿಜಕ್ಕೂ ಸೊಟ್ಟಗೇ ಇತ್ತು.

*

ತಾದೆಯುಸ್ ಗಂಡಸರ ಉದ್ದಮನೆಗೆ ಬಂದ. ಐದು ಒಲೆ, ಐದು ಬಾಗಿಲು. ಒಂದೊಂದು ಒಲೆ, ಅದರ ಎದುರಿನ ಬಾಗಿಲು ಒಂದೊಂದು ಮನೆತನದ್ದು. ಹಬ್ಬಕ್ಕೆಂದು ನಿನ್ನೆ ಸಂಜೆ ಮರಿಗೆಗೆ ಚಿಪ್ಪಿನ ಸುಣ್ಣ ಬಳಿದು ಮಟಿಯಾಸನ ಮನೆತನದ ಎರಡನೇ ಒಲೆಯ ಬಳಿ ಒಣಗಲು ಇಟ್ಟಿದ್ದರು. ಮುಂಜಾನೆ ಎಲ್ಲರೂ ಹುಳ ತರಲು ಸಾಗುವನಕ್ಕೆ ಹೋಗಿದ್ದರು, ಆಗಲೇ ಅದು ಕಾಣೆಯಾದದ್ದು.

ಎರಡನೇ ಬಾಗಿಲು ಸ್ವಚ್ಛವಾಗಿತ್ತು. ಮೂರನೆಯದೂ ಅಷ್ಟೇ. ನಾಲ್ಕನೇ ಬಾಗಿಲಿನ ಕಂಬಕ್ಕೆ ಸೊಂಟದೆತ್ತರದಲ್ಲಿ ಸುಣ್ಣ ಮೆತ್ತಿಕೊಂಡಿತ್ತು. ಅವನು ಅದನ್ನು ಬೆರಳಿನಿಂದ ಮುಟ್ಟಿ ನೋಡಿದ. ಅವನಿಗೆ ಸಂತೋಷವಾಗಲಿಲ್ಲ.

*

ಎಲ್ಲರನ್ನೂ ಉದ್ದಮನೆಯ ಜಗಲಿಗೆ ಕರೆಸಿದ.

ಹೊರಗಿನವನು ಕದ್ದಿದ್ದರೆ ಹತ್ತಿರದ ಎರಡನೇ ಬಾಗಿಲಲ್ಲೇ ಓಡುತ್ತಿದ್ದ ಎಂದು ವಿವರಿಸಿದ. ಬೊನಿಫಾಸನೂ ಎರಡನೇ ಒಲೆಯವನು, ಅವನದೂ ಅದೇ ಬಾಗಿಲು. ಎಷ್ಟೇ ಅವಸರವಿದ್ದರೂ ತನ್ನ ಒಲೆಯ ಬಾಗಿಲಲ್ಲೇ ಹೊರಬರುವುದು ಇಲ್ಲಿ ಹುಟ್ಟಿದವನ ಕಾಲಿಗೆ ಅಂಟಿದ ಅಭ್ಯಾಸ. ಕದಿಯುವಾಗಲೂ ಕಾಲು ಅದನ್ನು ಬಿಡಲಿಲ್ಲ. ಬೆಲೆಬಾಳುವ ಡೋಲುಗಳು ಅಲ್ಲೇ ಇದ್ದವು. ಹಾಗಾದರೆ ಕದ್ದದ್ದು ಮಾರಲಿಕ್ಕಲ್ಲ, ಹಬ್ಬ ನಿಲ್ಲಿಸಲಿಕ್ಕೆ.

ನಾಲ್ಕನೇ ಒಲೆಯಲ್ಲಿ ಉಳಿದಿದ್ದವನು ಒಬ್ಬನೇ. ಆ ಮರಿಗೆಯನ್ನು ಕೆತ್ತಿದ ಮುದುಕ ಪಸ್ಕಾಲಿಸ್. ಅವನ ಕಡೆಯವರು ಕೆಲವರು ಸತ್ತಿದ್ದರು, ಉಳಿದವರು ಪಟ್ಟಣ ಸೇರಿದ್ದರು.

"ಯಾಕೆ ಮಾಮ?" ಎಂದು ಕೇಳಿದ ತಾದೆಯುಸ್.

ಮುದುಕ ಸುಳ್ಳು ಹೇಳಲಿಲ್ಲ. ಎದ್ದು ತನ್ನ ದೋಣಿಗೆ ಹೋಗಿ, ಸಾಗುಗರಿಗಳ ಕೆಳಗಿನಿಂದ ಮರಿಗೆ ತಂದ.

"ಮಟಿಯಾಸ್ ಇದ್ದಾಗ ದಿನಾ ಸಂಜೆ ನನ್ನ ಒಲೆ ಹತ್ರ ಬರ್ತಿದ್ದ. ಸತ್ತ ಮೇಲೂ ಬರ್ತಾನೆ. ಮಾತಾಡ್ತೀವಿ. ನೀವೆಲ್ಲ ಸೇರಿ ಇವತ್ತು ಅವನ್ನ ಕಳಿಸಿಬಿಟ್ರೆ ನಾನು ಯಾರ ಹತ್ರ ಮಾತಾಡ್ಲಿ?"

ತಾದೆಯುಸನಿಗೆ ಆರು ವರ್ಷದಿಂದ ಖಾಲಿಯಿರುವ ತನ್ನ ಮನೆ ನೆನಪಾಯಿತು.

"ನನ್ನ ಮಗಳು ಸುಡ್ತಿದಾಳೆ ಮಾಮ," ಎಂದಳು ಕೊರ್ನೆಲಿಯಾ, ದನಿ ತಗ್ಗಿಸಿ. "ಅವನ್ನ ಬಿಟ್ಟುಕೊಡು. ಮೊದಲ ತುತ್ತು ನೀನೇ ಬಡಿಸು."

ಪಸ್ಕಾಲಿಸ್ ಮರಿಗೆಯ ಹಿಡಿಯಲ್ಲಿದ್ದ ಮುಖವನ್ನು ಹೆಬ್ಬೆರಳಿನಿಂದ ಒರೆಸಿ ಅವಳ ಕೈಗಿಟ್ಟ. "ಅದೊಂದು ಕೇಳಬೇಡ ತಾಯಿ," ಎಂದ.

ಮೆಟ್ಟಿಲಿಳಿದು ದೋಣಿ ನೂಕಿದ. ತಾದೆಯುಸ್ ತಡೆಯಲಿಲ್ಲ. ಹಿಂದೆ ಡೋಲು ಶುರುವಾಯಿತು, ಮಟಿಯಾಸನ ಹೆಸರು ಕೂಗಿದರು. ದೋಣಿ ಹೊಳೆಯ ಮೇಲಿನ ತಿರುವು ದಾಟುವವರೆಗೂ ಮುದುಕ ತಿರುಗಿ ನೋಡಲಿಲ್ಲ.

ಮುದುಕನ ಪಾಲನ್ನು ಎಲೆಯಲ್ಲಿ ಕಟ್ಟಿ ನಾಲ್ಕನೇ ಒಲೆಯ ಬಳಿ ಇಟ್ಟಿದ್ದರು. ಮೂರನೇ ದಿನ ಇರುವೆ ಮುತ್ತಿತು. ಆಮೇಲೆ ಆ ಒಲೆಯನ್ನು ಯಾರೂ ಹಚ್ಚಲಿಲ್ಲ.